ವಾಪಸ್ ಬಂದ ಬಡ್ಡಿ ಆದಾಯ ಅಲ್ಲ

ಕಿಸಾನ್ ಕ್ರೆಡಿಟ್ ಕಾರ್ಡ್ ಶುರುವಾದದ್ದು 1998ರಲ್ಲಿ. ಈಗ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬ್ಯಾಂಕಿನ ಬಡ್ಡಿ ಶೇ. 7. ಗಡುವಿನೊಳಗೆ ಕಟ್ಟಿದವರಿಗೆ ಅದರಲ್ಲಿ ಶೇ. 3 ಸರ್ಕಾರದ ರಿಯಾಯ್ತಿ. ಈ ದುಡ್ಡು ಖಾತೆಗೆ ಬಿದ್ದಾಗ ಎಷ್ಟೋ ಜನ ಆದಾಯದ ಕಡೆ ಬರೆದುಕೊಳ್ತಾರೆ. ಅದು ಆದಾಯ ಅಲ್ಲ, ನಮ್ಮ ಖರ್ಚಿನಲ್ಲಿ ಕಡಿಮೆಯಾದದ್ದು.

ಶೇಂಗಾಕ್ಕೆ 60 ಸಾವಿರ, ತೊಗರಿಗೆ 40 ಸಾವಿರ ಸಾಲ ಎತ್ತಿದೆವು ಅಂತಿಟ್ಟುಕೊಳ್ಳಿ. ವರ್ಷದ ಬಡ್ಡಿ 7,000. ರಿಯಾಯ್ತಿ 3,000. ಉಳಿದ ಬಡ್ಡಿ 4,000. ಅದರಲ್ಲಿ ಶೇಂಗಾಕ್ಕೆ 2,400, ತೊಗರಿಗೆ 1,600. ಹೀಗೆ ಬರೆದರೇನೇ ಕ್ವಿಂಟಾಲಿಗೆ ಬಿದ್ದ ಖರ್ಚು ಸರಿಯಾಗಿ ಸಿಗೋದು. ರಿಯಾಯ್ತಿ ಮುಂದಿನ ಹಂಗಾಮಿನಲ್ಲಿ ಬಂದರೂ ಸಾಲ ಎತ್ತಿದ ಬೆಳೆಯ ಪುಟಕ್ಕೇ ಹಾಕಬೇಕು. ಪಾಸ್‌ಬುಕ್ಕಿನಲ್ಲಿ ಕಾಣುವ ತನಕ ನಾನಂತೂ ಬರೆಯೋದಿಲ್ಲ. ಗೊಬ್ಬರದಂಗಡಿಯವರು ಬಿಲ್ಲಿನಲ್ಲಿ ಬಿಟ್ಟ ದುಡ್ಡಿಗೂ ಇದೇ ಲೆಕ್ಕ: 5,000ದಲ್ಲಿ 100 ಬಿಟ್ಟರೆ ಗೊಬ್ಬರದ ಖರ್ಚು 4,900.

ಇನ್ನೊಂದು ಖರ್ಚು ಪುಸ್ತಕಕ್ಕೆ ಬರೋದೇ ಇಲ್ಲ. ಗಡುವು ಬಂತೆಂದು ಕೈಸಾಲ ಮಾಡಿ ಬ್ಯಾಂಕಿಗೆ ಕಟ್ಟೋದು, ಹೊಸ ಸಾಲ ಸಿಕ್ಕ ಮೇಲೆ ಅದನ್ನು ತೀರಿಸೋದು ನಮ್ಮಲ್ಲಿ ಮಾಮೂಲು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಾದರೆ, ಹೊಸ ಸಾಲ ಕೈಗೆ ಬರೋದು ಒಂದು ತಿಂಗಳು ತಡವಾದರೂ ಲಕ್ಷಕ್ಕೆ 3,000 ಆಯ್ತು. ಸರ್ಕಾರ ಕೊಟ್ಟದ್ದು ಅಲ್ಲಿಗೇ ಹೋಯ್ತು.

ಈ ಬಡ್ಡಿಯನ್ನೂ ಅದೇ ಪುಟದಲ್ಲಿ ಬರೆಯಿರಿ. ಆಗ ರಿಯಾಯ್ತಿಯಲ್ಲಿ ನಮಗೆ ಉಳಿದದ್ದೆಷ್ಟು ಅಂತ ಕಣ್ಣಿಗೆ ಬೀಳುತ್ತೆ. ಶೇಂಗಾ ಮಾರಿದ ದಿನವೇ ಬ್ಯಾಂಕಿನ ದುಡ್ಡು ಎತ್ತಿಟ್ಟವನಿಗೆ ಮಾತ್ರ ಆ ಮೂರು ಸಾವಿರ ಪೂರಾ ದಕ್ಕೋದು.