ಮಗು ಓದುವಷ್ಟು ದಿನದ ಖುರ್ಚಿ

ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ನಾಲ್ಕನೇ ತರಗತಿಯ ಕೋಣೆಯಲ್ಲಿ ಎಸ್‌ಡಿಎಂಸಿ ಸಭೆ. ಕಳೆ ಕೀಳುವ ಕೆಲಸ ಅರ್ಧಕ್ಕೇ ಬಿಟ್ಟು ಬಂದಿದ್ದ ತಾಯಿಯೊಬ್ಬರ ಮುಂದೆ ಹೆಡ್‌ಮೇಷ್ಟ್ರು ನಡಾವಳಿ ಪುಸ್ತಕ ತಳ್ಳಿದರು. ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದು ಆಗಲೇ ಬರೆದಾಗಿತ್ತು. ಆಕೆ ಅದನ್ನು ನಿಧಾನವಾಗಿ ಓದಿ, ‘ಇನ್ನೂ ಮಾತೇ ಆಡಿಲ್ವಲ್ಲ ಸಾರ್, ಒಪ್ಪಿದ್ಯಾರು?’ ಎಂದರು.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಹುಟ್ಟಿದ್ದು ಇಂಥ ಪ್ರಶ್ನೆ ಕೇಳಲೆಂದೇ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಕರ್ನಾಟಕ ಸರ್ಕಾರ 2001ರ ಏಪ್ರಿಲ್‌ನಲ್ಲಿ ಇದನ್ನು ರಚಿಸಿತು. ಊರಿನ ಹಿರಿಯರಿಗಲ್ಲ, ಅದೇ ಶಾಲೆಯಲ್ಲಿ ಮಕ್ಕಳನ್ನು ಓದಿಸುವವರಿಗೆ ಅಧ್ಯಕ್ಷತೆ. ಮಗು ಶಾಲೆ ಬಿಟ್ಟರೆ ಅಪ್ಪನ ಸದಸ್ಯತ್ವವೂ ಮುಗಿಯಿತು. ಈ ಒಂದು ಷರತ್ತು ನನಗೆ ಬಹಳ ಇಷ್ಟ. ಬೇರೆ ಯಾವ ಖುರ್ಚಿಗೂ ನಾವಿದನ್ನು ಹಾಕಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ದೇಶದ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧ ಮಹಿಳೆಯರು ಇರಬೇಕು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಮಾತ್ರ ಈ ನಿಯಮವಿಲ್ಲ. ಅಲ್ಲಿ ಆಡಳಿತ ಮಂಡಳಿ ಎಂದರೆ ಟ್ರಸ್ಟಿನವರು. ಫೀಸು ಕಟ್ಟಿದ ಪೋಷಕರು ಗೇಟಿನಾಚೆ.

ಸಮಿತಿಗೆ ಕೆಲಸವೇನೂ ಕಡಿಮೆಯಿಲ್ಲ. ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕು, ಅನುದಾನದ ಲೆಕ್ಕ ನೋಡಬೇಕು, ಮೇಷ್ಟ್ರು ಹೊತ್ತಿಗೆ ಸರಿಯಾಗಿ ಬರುತ್ತಾರೋ, ಬಿಸಿಯೂಟದ ಸಾಂಬಾರಿನಲ್ಲಿ ಬೇಳೆ ಇದೆಯೋ ಗಮನಿಸಬೇಕು, ಶಾಲೆ ತಪ್ಪಿಸುವ ಮಗುವಿನ ಮನೆಗೆ ಹೋಗಿ ಬರಬೇಕು. ಕಾಯಂ ಶಿಕ್ಷಕರ ನೇಮಕ, ವರ್ಗಾವಣೆ ಮಾತ್ರ ಇದರ ಕೈಯಲ್ಲಿಲ್ಲ. ಎರಡು ಹುದ್ದೆ ಖಾಲಿ ಬಿದ್ದರೂ ಬಿಇಓ ಕಚೇರಿಗೆ ಅರ್ಜಿ ಕೊಟ್ಟು ಕಾಯಬೇಕು.

ಹೆಡ್‌ಮೇಷ್ಟ್ರೇ ಸಮಿತಿಯ ಕಾರ್ಯದರ್ಶಿ. ಅಂದರೆ ಯಾರ ಕೆಲಸವನ್ನು ನೋಡಿಕೊಳ್ಳಬೇಕೋ ಅವರೇ ಸಭೆ ಕರೆಯುವವರು, ಅವರೇ ನಡಾವಳಿ ಬರೆಯುವವರು. ಮೀಸಲಾತಿಯಿಂದ ಬಂದ ಹೆಂಗಸರ ಪಾಡು ಇನ್ನೊಂದು: ಸಹಿ ಆಕೆಯದು, ಸಭೆಗೆ ಬರುವವನು ಗಂಡ. ಇನ್ನೂ ಕೆಲವೆಡೆ ಪಂಚಾಯ್ತಿ ಚುನಾವಣೆಯ ಜಗಳವೇ ಶಾಲೆಯ ಜಗಲಿಗೆ ಬಂದು ಕೂರುತ್ತದೆ. ಬಣ್ಣ ಬಳಿಯುವ ಗುತ್ತಿಗೆ ಯಾರಿಗೆ ಎಂಬುದಕ್ಕೆ ಒಂದು ತಾಸು ಹೋಗುತ್ತದೆ, ಐದನೇ ತರಗತಿಯವರಿಗೆ ಓದಲು ಬರುತ್ತದೆಯೇ ಎಂಬುದಕ್ಕೆ ಐದು ನಿಮಿಷವೂ ಇಲ್ಲ.

ಆ ಶನಿವಾರ ಮೇಷ್ಟ್ರು ಸುಮ್ಮನೆ ನಕ್ಕರು. ಆಮೇಲೆ ಪೆನ್ನು ತೆಗೆದು, ಬರೆದದ್ದರ ಕೆಳಗೆ ಮತ್ತೊಂದು ಸಾಲು ಸೇರಿಸಿದರು: ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸುವುದು. ಅದನ್ನೂ ಓದಿಕೊಂಡು ಆಕೆ ಸಹಿ ಹಾಕಿದರು.