ಮುಳುಗದ ಅರ್ಧದ ಬಲ

ಅಮೆರಿಕದ ಮಿನೆಸೋಟ ರಾಜ್ಯದ ತುಂಬ ಸರೋವರಗಳು. ಅಲ್ಲಿನ ರಿಚ್ಮಂಡ್ ಊರಿನ ರೈತ ಆಂಬ್ರೋಸ್ ವೀರೆಸ್ 1952ರಲ್ಲಿ ಉಕ್ಕಿನ ಡ್ರಮ್ಮುಗಳನ್ನು ಒಂದರ ತುದಿಗೊಂದು ಬೆಸೆದು ಎರಡು ಸಾಲು ಮಾಡಿದರು. ಅವುಗಳ ಮೇಲೆ ಮರದ ಅಟ್ಟಣೆ ಕೂರಿಸಿ ನೀರಿಗಿಳಿಸಿದರು. ಮಾಮೂಲಿ ದೋಣಿಯಷ್ಟು ಹೊಯ್ದಾಡದ ಈ ತೇಲುವ ಜಗಲಿಯೇ ಇಂದಿನ ಪಾಂಟೂನ್ ದೋಣಿಗಳಿಗೆ ಮೂಲ. ಡ್ರಮ್ಮುಗಳ ಜಾಗಕ್ಕೆ ಈಗ ಅಲ್ಯೂಮಿನಿಯಂ ಕೊಳವೆಗಳು ಬಂದಿವೆ.

ತೇಲುವ ವಸ್ತು ಎಷ್ಟು ನೀರನ್ನು ಸರಿಸುತ್ತದೋ ಆ ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೊತ್ತುತ್ತದೆ ಎಂದವನು ಆರ್ಕಿಮಿಡೀಸ್. 60 ಸೆಂ.ಮೀ. ವ್ಯಾಸದ, 6 ಮೀಟರ್ ಉದ್ದದ ಕೊಳವೆಯ ಗಾತ್ರ ಸುಮಾರು 1,700 ಲೀಟರ್. ಅಂಥ ಎರಡು ಕೊಳವೆಗಳು ಪೂರ್ತಿ ಮುಳುಗಿದರೆ 3,400 ಕಿಲೋ ಹೊರಬಲ್ಲವು. ಆದರೂ ದೋಣಿ, ಎಂಜಿನ್, ಜನ ಎಲ್ಲ ಸೇರಿದ ತೂಕವನ್ನು ಸಾಮಾನ್ಯವಾಗಿ ಇದರ ಅರ್ಧದ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ಅಂದರೆ ಕೊಳವೆಯ ಅರ್ಧ ನೀರಿನ ಮೇಲೇ ಇರಬೇಕು.

ಇದಕ್ಕೆ ಕಾರಣ ಕೊಳವೆಯ ದುಂಡು ಆಕಾರ. ಅದು ಅತಿ ಅಗಲವಾಗಿರುವುದು ನಡುಮಟ್ಟದಲ್ಲಿ. ಅಲ್ಲಿ ಒಂದು ಸೆಂ.ಮೀ. ಕೆಳಗಿಳಿದರೆ ಪ್ರತಿ ಕೊಳವೆ 36 ಲೀಟರ್ ನೀರನ್ನು ಹೆಚ್ಚಾಗಿ ಸರಿಸುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಎತ್ತರ ಮುಳುಗಿದ ಮೇಲೆ ಅದೇ ಒಂದು ಸೆಂ.ಮೀ.ಗೆ ಸಿಗುವುದು ಬರೀ 20 ಲೀಟರಿನಷ್ಟು. ಹೀಗೆ ನಡುಮಟ್ಟ ದಾಟಿದ ಮೇಲೆ ಭಾರ ಏರಿದಂತೆ ದೋಣಿಯ ಪ್ರತಿರೋಧ ಕುಗ್ಗುತ್ತದೆ.

ವಾಲದೆ ನಿಲ್ಲುವ ಗುಟ್ಟೂ ಇಲ್ಲೇ ಇದೆ. ಜನರೆಲ್ಲ ಎಡಕ್ಕೆ ಸರಿದಾಗ ಎಡಗಡೆಯ ಕೊಳವೆ 5 ಸೆಂ.ಮೀ. ಇಳಿಯಿತೆನ್ನಿ. ಅರ್ಧಮಟ್ಟದಲ್ಲಿದ್ದರೆ ಅದಕ್ಕೆ ಸುಮಾರು 180 ಕಿಲೋದಷ್ಟು ಹೆಚ್ಚುವರಿ ಒತ್ತಾಸೆ ಸಿಗುತ್ತದೆ, ಮೇಲೆದ್ದ ಬಲಗಡೆಯದು ಅಷ್ಟನ್ನೇ ಕಳೆದುಕೊಳ್ಳುತ್ತದೆ. ಕೊಳವೆಗಳು ದೂರ ದೂರ ಇರುವುದರಿಂದ ಈ ವ್ಯತ್ಯಾಸ ದೋಣಿಯನ್ನು ಬಲವಾಗಿ ನೆಟ್ಟಗೆ ತಿರುಗಿಸುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಮುಳುಗಿದ ದೋಣಿಗಾದರೆ ಆ ಒತ್ತಾಸೆ ಅರ್ಧಕ್ಕಿಂತಲೂ ಕಡಿಮೆ.

ಕೊಳವೆ ಕಟ್ಟುವಾಗ ಸುಮಾರು ಎರಡು ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡನ್ನು ಸುತ್ತಿ, ಅಂಚಿಗೆ ಅಂಚು ಬೆಸೆಯುತ್ತಾರೆ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟೇ ಭಾರ, ಸಿಹಿನೀರಿನಲ್ಲಿ ತುಕ್ಕು ಹಿಡಿಯುವ ಭಯವಿಲ್ಲ. ಒಳಗೆ ಅಡ್ಡಗೋಡೆಗಳಿಟ್ಟು ಗಾಳಿಯಾಡದ ಕೋಣೆಗಳನ್ನು ಮಾಡುತ್ತಾರೆ. ಎಲ್ಲೋ ಬಂಡೆ ತಾಗಿ ತೂತಾದರೂ ಒಂದೇ ಕೋಣೆಗೆ ನೀರು ನುಗ್ಗುತ್ತದೆ. ಗೋಡೆಯಿಲ್ಲದಿದ್ದರೆ ಅದೇ ನೀರು ಮುಂತುದಿಗೆ ಓಡಿ ದೋಣಿಯ ಮೂತಿಯನ್ನೇ ಕೆಳಗೆಳೆದೀತು. ಬೆಸುಗೆ ಮುಗಿದ ಮೇಲೆ ಒಳಗೆ ಸ್ವಲ್ಪ ಒತ್ತಡದಲ್ಲಿ ಗಾಳಿ ತುಂಬಿ, ಬೆಸುಗೆಯ ಗೆರೆಯುದ್ದಕ್ಕೂ ಸೋಪಿನ ನೀರು ಹಚ್ಚಿ ನೋಡುವುದುಂಟು. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ, ಮತ್ತೆ ಬೆಸೆಯಬೇಕು. ಆಮೇಲೆ ಕೊಳವೆಗಳ ನಡುವೆ ಅಡ್ಡಪಟ್ಟಿಗಳನ್ನು ಬೋಲ್ಟ್ ಮಾಡಿ, ಮೇಲೆ ನೀರು ತಡೆಯುವ ಪ್ಲೈವುಡ್ ಹಾಸಿ, ಸುತ್ತ ಕಟಕಟೆ, ಹಿಂದೆ ಎಂಜಿನ್.

ಇಂಥ ದೋಣಿ ಹತ್ತುವ ಮುನ್ನ ಪಕ್ಕದಿಂದ ಬಗ್ಗಿ ಕೊಳವೆಯನ್ನು ನೋಡಿ. ನೀರು ಆಗಲೇ ನಡುಮಟ್ಟ ದಾಟಿ ಮೇಲೇರಿದ್ದರೆ, ಅಟ್ಟಣೆಯ ಮೇಲೆ ಜಾಗ ಎಷ್ಟೇ ಖಾಲಿ ಇದ್ದರೂ ಮುಂದಿನ ಸರದಿಗೆ ಕಾಯುವುದೇ ಜಾಣತನ.