ಆರು ಗಂಟೆಗಳ ಗುಟ್ಟು

ಮನೆಯಲ್ಲಿ ತೊಟ್ಟಿಲು ಕಟ್ಟದೆ ವರ್ಷಗಳು ಉರುಳಿದರೆ ದೋಷ ಯಾರದೆಂದು ಜಗತ್ತು ಬಹಳ ಹೊತ್ತು ಯೋಚಿಸುವುದಿಲ್ಲ. ಅದನ್ನು ಹೆಣ್ಣಿನ ತಲೆಗೇ ಕಟ್ಟಿಬಿಡುತ್ತದೆ. 'ಬಂಜೆ' ಎಂಬ ಮಾತು ಎಷ್ಟು ಹಳೆಯದೋ ಆ ಮಾತು ಮಾಡಿದ ಗಾಯವೂ ಅಷ್ಟೇ ಹಳೆಯದು. ಆದರೆ ವೈದ್ಯಶಾಸ್ತ್ರ ಹೇಳುವುದೇ ಬೇರೆ. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಯ ವಿಷಯದಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಈ ತಿಳಿವಳಿಕೆ ಬಂದ ದಾರಿಯಲ್ಲಿ ಅಮೆರಿಕದ ಒಂದು ಸಣ್ಣ ಊರು, ಕೆಲವು ಮೊಲಗಳು ಮತ್ತು ಚೀನಾ ದೇಶದ ಒಬ್ಬ ಶ್ರಮಜೀವಿ ವಿಜ್ಞಾನಿ ಇದ್ದಾರೆ.

ಕಂಡದ್ದು ಬೇಗ, ತಿಳಿದದ್ದು ತಡ

ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ವೀರ್ಯಾಣುಗಳನ್ನು ನೋಡಿದ್ದು 1677ರಲ್ಲಿ. ಸಸ್ತನಿಗಳ ಅಂಡಾಣುವನ್ನು ಫಾನ್ ಬೇರ್ ಗುರುತಿಸುವ ಹೊತ್ತಿಗೆ 1827 ಬಂದಿತ್ತು. ಈ ಎರಡೂ ಕೂಡುವ ಬಗೆಯನ್ನು 1875ರ ಸುಮಾರಿಗೆ ಆಸ್ಕರ್ ಹರ್ಟ್‌ವಿಗ್ ಕಂಡದ್ದು ಕಡಲಿನ ಒಂದು ಮುಳ್ಳುಮೈಯ ಜೀವಿಯಲ್ಲಿ. ಅಲ್ಲಿ ಕೆಲಸ ಸುಲಭ. ಅಂಡಾಣುಗಳಿರುವ ಸಮುದ್ರದ ನೀರಿಗೆ ವೀರ್ಯಾಣುಗಳನ್ನು ಬೆರೆಸಿದರೆ ಸಾಕು, ಫಲೀಕರಣ ಕಣ್ಣೆದುರಿಗೇ ನಡೆಯುತ್ತದೆ.

ಸಸ್ತನಿಗಳಲ್ಲಿ ಮಾತ್ರ ಈ ಜಾಣ್ಮೆ ನಡೆಯಲಿಲ್ಲ. ಎಷ್ಟೋ ಮಂದಿ ಮೊಲದ ಅಂಡಾಣು, ವೀರ್ಯಾಣುಗಳನ್ನು ಗಾಜಿನ ಬಟ್ಟಲಲ್ಲಿ ಸೇರಿಸಿ ಕಾದು ಕುಳಿತರು. ವೀರ್ಯಾಣುಗಳು ಚುರುಕಾಗಿ ಈಜುತ್ತಿದ್ದವು, ಅಂಡಾಣುಗಳನ್ನು ಮುತ್ತಿಕೊಳ್ಳುತ್ತಿದ್ದವು. ಆದರೆ ಒಳಗೆ ಹೋಗುತ್ತಿರಲಿಲ್ಲ. 1934ರಲ್ಲಿ ಗ್ರೆಗರಿ ಪಿಂಕಸ್ ಎಂಬ ಅಮೆರಿಕದ ವಿಜ್ಞಾನಿ ತಾನು ಗೆದ್ದೆನೆಂದು ಸಾರಿದರೂ ಆ ಫಲೀಕರಣ ಬಟ್ಟಲಿನಲ್ಲಿ ಆಯಿತೋ ಮೊಲದ ಒಡಲಿನಲ್ಲಿ ಆಯಿತೋ ಎಂಬ ಸಂಶಯ ಉಳಿದೇ ಇತ್ತು.

ರಾತ್ರಿ ಕಾವಲಿನ ವಿಜ್ಞಾನಿ

ಆ ವಿದ್ಯೆಯನ್ನೇ ಕಲಿಯಬೇಕೆಂದು 1945ರಲ್ಲಿ ಪಿಂಕಸರ ಬಳಿಗೆ ಬಂದವರು ಚಾಂಗ್ ಮಿನ್ ಚುವೆ. 1908ರಲ್ಲಿ ಚೀನಾದ ಶಾನ್ಸಿ ಪ್ರಾಂತ್ಯದಲ್ಲಿ ಹುಟ್ಟಿದ ಅವರು ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಮನಶ್ಶಾಸ್ತ್ರವನ್ನು ಓದಿ, ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದು 1938ರಲ್ಲಿ ಬ್ರಿಟನ್ನಿಗೆ ಹೋದವರು. ಕೇಂಬ್ರಿಡ್ಜಿನಲ್ಲಿ ಟಗರಿನ ವೀರ್ಯಾಣುಗಳನ್ನು ಕುರಿತು ಸಂಶೋಧನೆ ಮಾಡಿ 1941ರಲ್ಲಿ ಡಾಕ್ಟರ್ ಪದವಿಯನ್ನು ಪಡೆದಿದ್ದರು. ಮ್ಯಾಸಚೂಸೆಟ್ಸ್ ಸಂಸ್ಥಾನದ ಶ್ರೂಸ್‌ಬರಿಯಲ್ಲಿ ಆಗತಾನೆ ತಲೆಯೆತ್ತಿದ್ದ ವೂಸ್ಟರ್ ಪ್ರತಿಷ್ಠಾನ ಬಡಸಂಸ್ಥೆ. ಅಲ್ಲಿ ನಿರ್ದೇಶಕರೇ ಹುಲ್ಲು ಕತ್ತರಿಸುತ್ತಿದ್ದರು. ಚಾಂಗರು ಹಗಲು ಸಂಶೋಧಕರು, ರಾತ್ರಿ ಕಾವಲುಗಾರರು. ಒಂದು ವರ್ಷ ಇದ್ದು ಹೋಗಲು ಬಂದವರು ಜೀವಮಾನವನ್ನೆಲ್ಲ ಅಲ್ಲಿಯೇ ಕಳೆದರು.

ಬಟ್ಟಲಿನ ಪ್ರಯೋಗ ಅವರಿಗೂ ಒಲಿಯಲಿಲ್ಲ. ಆಗ ಅವರು ಪ್ರಶ್ನೆಯನ್ನೇ ಬದಲಾಯಿಸಿದರು. ಹೆಣ್ಣುಮೊಲದಲ್ಲಿ ಅಂಡಾಣುಗಳು ಹೊರಬೀಳುವುದು ಕೂಡಿದ ಸುಮಾರು ಹತ್ತು ಗಂಟೆಗಳ ತರುವಾಯ. ಹಾಗಾದರೆ ಅಷ್ಟು ಹೊತ್ತು ಕಾದಿರುವ ವೀರ್ಯಾಣುಗಳಿಗೆ ಆ ಒಡಲಿನೊಳಗೆ ಏನಾದರೂ ಆಗುತ್ತಿರಬಹುದೇ?

ಅವರು ವೀರ್ಯಾಣುಗಳನ್ನು ನೇರವಾಗಿ ಅಂಡನಾಳಕ್ಕೆ ಬಿಟ್ಟು ನೋಡಿದರು. ಅಂಡಾಣು ಬರುವುದಕ್ಕೆ ಕೆಲವು ಗಂಟೆ ಮುಂಚೆ ಬಿಟ್ಟರೆ ಫಲೀಕರಣ ಚೆನ್ನಾಗಿ ಆಗುತ್ತಿತ್ತು. ಅಂಡಾಣು ಬಂದಮೇಲೆ ಬಿಟ್ಟರೆ ಬಹುಮಟ್ಟಿಗೆ ವ್ಯರ್ಥವಾಗುತ್ತಿತ್ತು. ಆದರೆ ಇನ್ನೊಂದು ಹೆಣ್ಣುಮೊಲದ ಗರ್ಭಾಶಯದಲ್ಲಿ ಐದಾರು ಗಂಟೆ ಕಳೆದ ವೀರ್ಯಾಣುಗಳನ್ನು ತಂದು ಬಿಟ್ಟಾಗ ಅವು ತಡವಾಗಿ ಬಂದರೂ ಕೆಲಸವನ್ನು ಸಾಧಿಸಿದವು! ಎಂದರೆ ಗಂಡಿನ ಒಡಲಿನಿಂದ ಹೊರಟ ವೀರ್ಯಾಣು ಈಜಬಲ್ಲದಾದರೂ ಇನ್ನೂ ಸಮರ್ಥವಲ್ಲ. ಆ ಸಾಮರ್ಥ್ಯ ಬರುವುದು ಹೆಣ್ಣಿನ ಒಡಲಿನಲ್ಲಿ. 1951ರಲ್ಲಿ ಚಾಂಗರು ಇದನ್ನು ಪ್ರಕಟಿಸಿದರು. ಅದೇ ವರ್ಷ ಆಸ್ಟ್ರೇಲಿಯದಲ್ಲಿ ಸಿ. ಆರ್. ಆಸ್ಟಿನ್ ಎಂಬವರೂ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಮರುವರ್ಷ ಆಸ್ಟಿನ್ ಇದಕ್ಕೆ 'ಕೆಪಾಸಿಟೇಷನ್' ಎಂದು ಹೆಸರಿಟ್ಟರು. ನಾವು ಇದನ್ನು ಸಾಮರ್ಥ್ಯಪ್ರಾಪ್ತಿ ಎನ್ನಬಹುದು.

1957ರಲ್ಲಿ ಚಾಂಗರು ಇನ್ನೊಂದು ವಿಚಿತ್ರವನ್ನು ಕಂಡರು. ಹೀಗೆ ಸಮರ್ಥವಾದ ವೀರ್ಯಾಣುವನ್ನು ಮತ್ತೆ ವೀರ್ಯದ್ರವದಲ್ಲಿ ಅದ್ದಿದರೆ ಆ ಸಾಮರ್ಥ್ಯ ಹೋಗಿಬಿಡುತ್ತದೆ. ಹೆಣ್ಣಿನ ಒಡಲಿನಲ್ಲಿ ಪುನಃ ಇರಿಸಿದರೆ ಮರಳಿ ಬರುತ್ತದೆ. ವೀರ್ಯಾಣುವಿನ ಮೇಲೆ ಏನೋ ಒಂದು ತಡೆ ಇದೆಯೆಂದೂ ಅದನ್ನು ಕಳಚುವುದೇ ಈ ಸಿದ್ಧತೆಯ ಮುಖ್ಯ ಭಾಗವೆಂದೂ ಇದರಿಂದ ಹೊಳೆಯಿತು.

ಒಳಗೆ ನಡೆಯುವುದೇನು?

ಇಂದು ಆ ಸಂಗತಿ ಬಹುಮಟ್ಟಿಗೆ ಬಿಡಿಸಿ ತಿಳಿದಿದೆ. ವೀರ್ಯಾಣುವಿನ ಹೊರಪೊರೆಯಿಂದ ಕೊಲೆಸ್ಟರಾಲ್ ಎಂಬ ಜಿಡ್ಡುಪದಾರ್ಥ ಕಳಚಿಹೋಗಿ ಪೊರೆ ಮೆತುವಾಗುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ. ಮೆಲ್ಲನೆ ಅಲುಗುತ್ತಿದ್ದ ಬಾಲ ಚಾಟಿಯಂತೆ ಬೀಸತೊಡಗುತ್ತದೆ. ತಲೆಯ ಮೇಲಿನ ಟೊಪ್ಪಿಗೆಯಂಥ ಚೀಲ ಒಡೆದು ಅದರೊಳಗಿನ ಕಿಣ್ವಗಳು ಹೊರಬರುತ್ತವೆ. ಆಮೇಲೆಯೇ ಅಂಡಾಣುವಿನ ದಪ್ಪ ಹೊದಿಕೆಯನ್ನು ದಾಟಲು ಸಾಧ್ಯ. ಹೊರಟವು ಕೋಟಿಗಟ್ಟಲೆ ಇದ್ದರೂ ಅಂಡಾಣುವಿನ ಸಮೀಪಕ್ಕೆ ತಲಪುವುವು ಕೆಲವು ನೂರು ಮಾತ್ರ.

ಕೊನೆಯ ಬಾಗಿಲಿನ ಬೀಗವೂ ಬೀಗದ ಕೈಯೂ ಈ ಶತಮಾನದಲ್ಲಿ ಸಿಕ್ಕಿವೆ. ವೀರ್ಯಾಣುವಿನ ಮೇಲಿರುವ ಒಂದು ಪ್ರೋಟೀನನ್ನು 2005ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿ, ತಮ್ಮ ನಾಡಿನಲ್ಲಿ ವಿವಾಹಕ್ಕೆ ಹೆಸರಾದ ದೇವಾಲಯದ ನೆನಪಿಗೆ 'ಇಝುಮೊ' ಎಂದು ಕರೆದರು. ಅಂಡಾಣುವಿನ ಮೇಲೆ ಅದಕ್ಕೆ ಜೋಡಿಯಾಗುವ ಪ್ರೋಟೀನು 2014ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿದಾಗ ರೋಮನರ ವಿವಾಹದೇವತೆಯಾದ 'ಜೂನೊ'ಳ ಹೆಸರನ್ನಿಟ್ಟರು. ಇಲಿಗಳಲ್ಲಿ ಈ ಎರಡರಲ್ಲಿ ಒಂದಿಲ್ಲದಿದ್ದರೂ ಮಿಲನ ನಡೆಯದು. ಒಂದು ವೀರ್ಯಾಣು ಒಳಹೊಕ್ಕೊಡನೆ ಅಂಡಾಣು ಉಳಿದವುಗಳಿಗೆ ಬಾಗಿಲು ಹಾಕಿಬಿಡುತ್ತದೆ.

ಮೊಲದಿಂದ ಮಗುವಿನವರೆಗೆ

ಗುಟ್ಟು ತಿಳಿದಮೇಲೆ ದಾರಿ ತೆರೆಯಿತು. 1959ರಲ್ಲಿ ಚಾಂಗರು ಗರ್ಭಾಶಯದಲ್ಲಿ ಸಿದ್ಧವಾದ ವೀರ್ಯಾಣುಗಳನ್ನು ಬಳಸಿ ಗಾಜಿನ ಪಾತ್ರೆಯಲ್ಲಿ ಮೊಲದ ಅಂಡಾಣುಗಳನ್ನು ಫಲಿಸಿ, ಅವನ್ನು ಬೇರೆ ಹೆಣ್ಣುಮೊಲಗಳಲ್ಲಿ ಇರಿಸಿದರು. ಆರೋಗ್ಯವಾದ ಮರಿಗಳು ಹುಟ್ಟಿದವು; ಸಂಶಯಕ್ಕೆ ಎಡೆಯುಳಿಯಲಿಲ್ಲ. ಅವರ ಬಳಿ ಕೆಲಸ ಮಾಡಿದ ಜಪಾನಿನ ರ್ಯೂಜೊ ಯಾನಗಿಮಾಚಿ 1963ರಲ್ಲಿ ಅವರೊಡನೆ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಲ್ಲಿ, ಹೆಣ್ಣಿನ ಒಡಲನ್ನು ಸೇರದ ವೀರ್ಯಾಣುಗಳಿಗೂ ಬಟ್ಟಲಿನಲ್ಲಿಯೇ ಸಾಮರ್ಥ್ಯ ಬರುವುದನ್ನು ತೋರಿಸಿದರು. ಕೇಂಬ್ರಿಡ್ಜಿನಲ್ಲಿ ಆಸ್ಟಿನ್ನರ ಶಿಷ್ಯ ಬ್ಯಾರಿ ಬ್ಯಾವಿಸ್ಟರ್ ಹ್ಯಾಮ್‌ಸ್ಟರಿಗಾಗಿ ಸಿದ್ಧಪಡಿಸಿದ್ದ ದ್ರವವೇ 1969ರಲ್ಲಿ ರಾಬರ್ಟ್ ಎಡ್ವರ್ಡ್ಸ್‌ರಿಗೆ ಮಾನವ ಅಂಡಾಣುವಿನ ಫಲೀಕರಣದಲ್ಲಿ ನೆರವಾಯಿತು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಎಂಬ ಹೆಣ್ಣುಮಗು ಹುಟ್ಟಿತು. ಅದೇ ವರ್ಷದ ಅಕ್ಟೋಬರ್ 3ರಂದು ನಮ್ಮ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದಲೂ ಒಂದು ಹೆಣ್ಣುಮಗು ಹುಟ್ಟಿತು.

ಚಾಂಗರ ಬದುಕಿನ ವೈಚಿತ್ರ್ಯವೊಂದಿದೆ. ಮಕ್ಕಳು ಬೇಕೆಂದವರಿಗೆ ದಾರಿ ಮಾಡಿದ ಕೈಯೇ ಬೇಡವೆಂದವರಿಗೂ ದಾರಿ ಮಾಡಿತು. ಪಿಂಕಸರೊಡನೆ ಅವರು ಪ್ರಾಣಿಗಳ ಮೇಲೆ ನಡೆಸಿದ ಹಾರ್ಮೋನ್ ಪರೀಕ್ಷೆಗಳಿಂದಲೇ 1960ರಲ್ಲಿ ಅಮೆರಿಕ ಒಪ್ಪಿಗೆಯಿತ್ತ ಗರ್ಭನಿರೋಧಕ ಗುಳಿಗೆ ಮೂಡಿತು. 1991ರಲ್ಲಿ ಚಾಂಗರು ತೀರಿಕೊಂಡರು. ಪ್ರನಾಳ ಶಿಶುವಿನ ಸಾಧನೆಗೆ ನೊಬೆಲ್ ಪಾರಿತೋಷಕ ಬಂದದ್ದು 2010ರಲ್ಲಿ, ಎಡ್ವರ್ಡ್ಸ್‌ರಿಗೆ.

ಮೊಲಗಳು ಕಲಿಸಿದ ಪಾಠದಲ್ಲಿ ಸಂಸಾರಸ್ಥರಿಗೂ ಒಂದು ಮಾತಿದೆ. ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಈಜುವಂತೆ ಕಾಣುವ ವೀರ್ಯಾಣುವೆಲ್ಲ ಫಲ ಕೊಡಬಲ್ಲದೆಂದು ತಿಳಿಯಬಾರದು. ಎಣಿಕೆ ಸರಿಯಾಗಿದ್ದೂ ಸಾಮರ್ಥ್ಯ ಬಾರದಿರಬಹುದು. ಅಂಥವರಿಗಾಗಿಯೇ, 1976ರಲ್ಲಿ ಯಾನಗಿಮಾಚಿಯವರ ಪ್ರಯೋಗಶಾಲೆ ಹ್ಯಾಮ್‌ಸ್ಟರಿನಲ್ಲಿ ತೋರಿಸಿದ್ದ ಹಾದಿಯನ್ನು ಹಿಡಿದು, ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಇಳಿಸುವ ಕ್ರಮ ಬಂದಿದೆ. ಅದರಿಂದ ಮಕ್ಕಳಾದ ವರದಿ ಬೆಲ್ಜಿಯಮ್ಮಿನಿಂದ 1992ರಲ್ಲಿ ಬಂತು. ಆದುದರಿಂದ ವೈದ್ಯರ ಬಳಿಗೆ ಹೋಗುವಾಗ ಸೊಸೆಯೊಬ್ಬಳನ್ನೇ ಕಳುಹಿಸುವುದು ತರವಲ್ಲ. ಮಗನೂ ಜೊತೆಯಲ್ಲಿ ಹೋಗಲಿ. ಮೊದಲ ಪರೀಕ್ಷೆ ಇಬ್ಬರಿಗೂ ಆಗಲಿ. ಅಷ್ಟಾದರೆ ಎಷ್ಟೋ ಮನೆಗಳಲ್ಲಿ ಒಬ್ಬಳು ಹೆಣ್ಣುಮಗಳು ವ್ಯರ್ಥವಾಗಿ ಹೊತ್ತಿರುವ ಭಾರ ಇಳಿದೀತು.